ಸಹಾಯ ಬೇಕು: ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯಲ್ಲಿ ಗಣಿತದ ಚಿಹ್ನೆ ಹಾಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆ ನಾನೇ ಟೈಪ್ ಮಾಡಬೇಕು.

ಶಾಲೆಯ ಕಂಪ್ಯೂಟರಿನಲ್ಲಿ ಆಲ್ಟ್ ಕೀ ಒತ್ತಿಕೊಂಡು ಪಕ್ಕದ ನಂಬರ್ ಕೀಗಳಲ್ಲಿ 0176 ಹೊಡೆದರೆ °, 0178ಕ್ಕೆ ² ಬರುತ್ತದೆ. ಆದರೆ ನುಡಿಯ ಹಳೆ ಫಾಂಟಿನಲ್ಲಿ ಅದೇ ಜಾಗಗಳಲ್ಲಿ ಕನ್ನಡ ಅಕ್ಷರಗಳು ಕೂತಿವೆ. ಹಾಗಾಗಿ ° ಇರಬೇಕಾದಲ್ಲಿ ‘ಲಿ’, ² ಇರಬೇಕಾದಲ್ಲಿ ‘ಶಿ’ ಮೂಡುತ್ತದೆ. ಅಡಿಕೆ ತೋಟದ ವಿಸ್ತೀರ್ಣದ ಲೆಕ್ಕದಲ್ಲಿ ‘ಮೀ’ ಪಕ್ಕ ‘ಶಿ’ ಇದ್ದರೆ ಮಕ್ಕಳು ಏನಂತ ಓದಬೇಕು? ಅಂಕ ಹೋಗುವುದು ಅವರದ್ದೇ. ಪ್ರತಿ ಚಿಹ್ನೆಗೂ ಫಾಂಟ್ ಬದಲಿಸುತ್ತಾ ಕೂತರೆ ಸಂಜೆಯೆಲ್ಲ ಅದಕ್ಕೇ ಹೋಗುತ್ತದೆ.

ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಬೇರೆ ಬೇರೆ ಸಂಖ್ಯೆ ಇರುವ ಯೂನಿಕೋಡ್‌ನಲ್ಲಿ ಈ ತೊಂದರೆ ಇರಲ್ಲ ಅಲ್ವಾ? ಆದರೆ ನನ್ನ ಹಳೆ ಪ್ರಶ್ನೆಗಳೆಲ್ಲ ನುಡಿಯಲ್ಲೇ ಇವೆ. ಅವನ್ನು ಯೂನಿಕೋಡ್‌ಗೆ ಬದಲಿಸುವಾಗ ನಡುವೆ ಇರುವ ಚಿಹ್ನೆಗಳು ಕೆಡದಂತೆ ಉಳಿಸಿಕೊಳ್ಳಲು ಯಾರಿಗಾದರೂ ದಾರಿ ಗೊತ್ತಾ? ಇದೇ ನನಗೆ ಮುಖ್ಯ.

ಇನ್ನೊಂದು ವಿಷಯ. ಮನೆಯ ಲ್ಯಾಪ್‌ಟಾಪಿನಲ್ಲಿ ಪಕ್ಕದ ನಂಬರ್ ಕೀಗಳಿಲ್ಲ, ಹಾಗಾಗಿ ಶಾಲೆಯಲ್ಲಿ ಮಾಡುವ ಹಾಗೆ 0176 ಹೊಡೆಯಲು ಆಗಲ್ಲ. ವರ್ಡ್‌ನಲ್ಲಿ 2220 ಬರೆದು ಆಲ್ಟ್ ಜೊತೆ ಎಕ್ಸ್ ಒತ್ತಿದರೆ ∠ ಸಿಗುತ್ತದೆ, 2264ಕ್ಕೆ ≤. ಹೀಗೆ √, π, ∆ ಎಲ್ಲದರ ಸಂಖ್ಯೆಗಳನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟವರು ದಯವಿಟ್ಟು ಇಲ್ಲಿ ಹಾಕಿ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ನಂಬುವ ಹಾಗಿಲ್ಲ, ನೆಟ್ ಇಲ್ಲದೆಯೂ ನಡೆಯುವ ಉಪಾಯವೇ ಬೇಕು.