ಪದಚರ್ಚೆ: ‘ಎಸೆನ್ಶಿಯಲ್ ಆಯಿಲ್’ಗೆ ‘ಅಗತ್ಯ ಎಣ್ಣೆ’ ಆಗಬಹುದೇ?

ಪ್ರಶ್ನೆ – ಬದಿಯಡ್ಕದಿಂದ

ತಲೆಗೆ ಹಚ್ಚುವ ಎಣ್ಣೆ, ಸಾಬೂನು ತಯಾರಿಸುವ ಮಹಿಳಾ ಗುಂಪುಗಳಿಗಾಗಿ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಮೂಲ ಇಂಗ್ಲಿಷಿನದು. ಮಲಯಾಳದ್ದು ಮೊದಲೇ ಸಿದ್ಧವಾಗಿದೆ. ಕನ್ನಡದ ಕರಡಿನಲ್ಲಿ ‘ಎಸೆನ್ಶಿಯಲ್ ಆಯಿಲ್’ ಒಂದು ಕಡೆ ‘ಅಗತ್ಯ ಎಣ್ಣೆ’, ಇನ್ನೊಂದು ಕಡೆ ‘ಸಾರಭೂತ ತೈಲ’, ಉಳಿದ ಕಡೆ ಬರೀ ‘ಎಣ್ಣೆ’. ‘ಕ್ಯಾರಿಯರ್ ಆಯಿಲ್’ ಎಂಬುದು ‘ವಾಹಕ ಎಣ್ಣೆ’, ‘ಇನ್‌ಫ್ಯೂಸ್ಡ್ ಆಯಿಲ್’ ಎಂಬುದು ‘ತುಂಬಿಸಿದ ಎಣ್ಣೆ’ ಆಗಿವೆ. ‘ವರ್ಜಿನ್ ಕೋಕನಟ್ ಆಯಿಲ್’ ‘ಕನ್ಯಾ ತೆಂಗಿನೆಣ್ಣೆ’ ಆಗಿದೆ. ‘ತಮನು ಆಯಿಲ್’, ‘ಕೋಕಂ ಬಟರ್’ ಎರಡನ್ನೂ ಹಾಗೆಯೇ ಬಿಟ್ಟಿದ್ದಾರೆ.

ಕರಡಿನಲ್ಲಿರುವ ಒಂದು ವಾಕ್ಯ: ‘ರೋಸ್‌ಮೆರಿ ಎಣ್ಣೆಯನ್ನು ವಾರಕ್ಕೆ ಎರಡು ಸಲ ನೆತ್ತಿಗೆ ತಿಕ್ಕಬೇಕು.’ ಇದನ್ನು ಓದಿದವರು ಯಾವ ಸೀಸೆಯನ್ನು ಕೈಗೆತ್ತಿಕೊಳ್ಳಬೇಕು? ಕಾಸರಗೋಡು ಕಡೆಯ ಆಡುಮಾತಿಗೆ ಹೊಂದುವ, ತಪ್ಪಿಗೆ ಎಡೆಗೊಡದ ಪದಗಳು ಬೇಕು.

ಉತ್ತರ – ಮಂಜೇಶ್ವರದಿಂದ

‘ಅಗತ್ಯ ಎಣ್ಣೆ’ ತಪ್ಪು, ಕೂಡಲೇ ತೆಗೆಯಿರಿ. ಅಲ್ಲಿನ ‘ಎಸೆನ್ಶಿಯಲ್’ಗೆ ಬೇಕೇಬೇಕಾದದ್ದು ಎಂಬ ಅರ್ಥವಿಲ್ಲ, ಗಿಡದ ಸಾರ ಎಂಬ ಅರ್ಥ. ‘ಸಾರಭೂತ ತೈಲ’ ಆ ಮಟ್ಟಿಗೆ ಸರಿಯಾದ ಪಾರಿಭಾಷಿಕ ಪದ, ಪಠ್ಯಗಳಲ್ಲೂ ಇದೆ. ಆದರೆ ಒಲೆಯ ಮುಂದೆ ನಿಂತು ಕೈಪಿಡಿ ನೋಡುವವರಿಗೆ ಅದು ಏನನ್ನೂ ಹೇಳುವುದಿಲ್ಲ.

ತೊಡಕು ‘ಎಣ್ಣೆ’ ಎಂಬ ಪದದಲ್ಲೇ ಇದೆ. ಎಳ್ಳು ಮತ್ತು ನೆಯ್ ಸೇರಿ ಎಣ್ಣೆಯಾಯಿತು, ತಿಲದಿಂದ ತೈಲ ಬಂತು. ಎರಡರ ಬುಡದಲ್ಲೂ ಹಿಂಡಿ ತೆಗೆದ ಜಿಡ್ಡೇ ಇದೆ. ಆ ಹೆಸರನ್ನೇ ನಾವು ಮೂರು ಬೇರೆಬೇರೆ ವಸ್ತುಗಳಿಗೆ ಕೊಟ್ಟಿದ್ದೇವೆ. ಬೀಜವನ್ನೋ ಕೊಬ್ಬರಿಯನ್ನೋ ಹಿಂಡಿದ್ದು ಒಂದು. ಆ ಎಣ್ಣೆಯಲ್ಲಿ ಸೊಪ್ಪು, ಬೇರು ಹಾಕಿ ಕಾಸಿದ್ದು ಇನ್ನೊಂದು. ಸೊಪ್ಪಿಗೆ ಹಬೆ ಹಾಯಿಸಿ, ತಣಿಸಿ, ನೀರಿನಿಂದ ಬೇರ್ಪಡಿಸಿದ್ದು ಮೂರನೆಯದು. ಈ ಮೂರನೆಯದರಲ್ಲಿ ಜಿಡ್ಡಿನ ಅಂಶವೇ ಇಲ್ಲ. ಕಾಗದದ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ: ತೆಂಗಿನೆಣ್ಣೆಯ ಕಲೆ ಉಳಿಯುತ್ತದೆ, ನೀಲಗಿರಿ ಎಣ್ಣೆಯದು ಆರಿಹೋಗುತ್ತದೆ. ಶ್ರೀಗಂಧ, ಲಾವಂಚದಂಥವು ನಿಧಾನಕ್ಕೆ ಆರುವುದರಿಂದ ಅವುಗಳಿಗೆ ಈ ಪರೀಕ್ಷೆ ಸಾಲದು.

ನನ್ನ ಸಲಹೆ: ಹಿಂಡಿದ ಎಣ್ಣೆ, ಕಾಸಿದ ಎಣ್ಣೆ, ಭಟ್ಟಿ ಎಣ್ಣೆ. ‘ಭಟ್ಟಿ’ ಎಂದರೆ ನಮ್ಮಲ್ಲಿ ಸಾರಾಯಿ ನೆನಪಾಗುತ್ತದೆ ಎಂದು ಯಾರಾದರೂ ಆಕ್ಷೇಪಿಸಬಹುದು. ನೆನಪಾಗಲಿ, ಕ್ರಿಯೆ ಅದೇ ತಾನೆ. ‘ಸುಗಂಧ ತೈಲ’ ಬೇಡ, ಪೇಟೆಯಲ್ಲಿ ಸಿಗುವ ಕೃತಕ ಪರಿಮಳವೂ ಆ ಹೆಸರಿನಲ್ಲೇ ಬರುತ್ತದೆ. ‘ವಾಹಕ ಎಣ್ಣೆ’ಯೂ ಬೇಡ, ‘ಮೂಲ ಎಣ್ಣೆ’ ಸಾಕು. ಭಟ್ಟಿ ಎಣ್ಣೆಯನ್ನು ಸೇರಿಸುವುದು ಅದಕ್ಕೇ.

ಪದ ಬೇರೆಯಾಗಲೇಬೇಕು ಎನ್ನುವುದಕ್ಕೆ ಅಳತೆಯೇ ಕಾರಣ. ಕಾಸಿದ ರೋಸ್‌ಮೆರಿ ಎಣ್ಣೆಯನ್ನು ಅಂಗೈ ತುಂಬ ಸುರಿದು ತಿಕ್ಕಬಹುದು. ಭಟ್ಟಿ ಎಣ್ಣೆಯಾದರೆ ನೆತ್ತಿಗೆ ನೂರಕ್ಕೆ ಒಂದರಿಂದ ಎರಡು ಪಾಲು, ಮುಖಕ್ಕೆ ಅರ್ಧ ಪಾಲು. ನೂರಕ್ಕೆ ಒಂದು ಪಾಲು ಅಂದರೆ 100 ಮಿ.ಲೀ. ಮೂಲ ಎಣ್ಣೆಗೆ 1 ಮಿ.ಲೀ. ಇದನ್ನು 20 ತೊಟ್ಟು ಎಂದು ಬರೆಯುವುದು ರೂಢಿ. ಆದರೆ ಮುಚ್ಚಳದ ತೂತಿಗೆ ತಕ್ಕಂತೆ 1 ಮಿ.ಲೀ.ಗೆ 30 ತೊಟ್ಟೂ ಆಗಬಹುದು. ಹಾಗಾಗಿ ಕೈಪಿಡಿಯಲ್ಲಿ ತೊಟ್ಟಿನ ಲೆಕ್ಕ ಬೇಡ, ಸೂಜಿಯಿಲ್ಲದ 1 ಮಿ.ಲೀ. ಸಿರಿಂಜಿನ ಅಳತೆ ಕೊಡಿ. ಅದೇ ಲೆಕ್ಕದಲ್ಲಿ ಐದು ಲೀಟರಿನ ತಯಾರಿಗೆ 50 ಮಿ.ಲೀ. ದುರ್ಬಲಗೊಳಿಸದೆ ಹಚ್ಚಿದರೆ ಉರಿ, ಕೆಂಪು, ಕೆಲವರಿಗೆ ಬೊಬ್ಬೆ. ಲವಂಗದ ಭಟ್ಟಿ ಎಣ್ಣೆ ಇನ್ನೂ ಖಾರ, ಅದು ನೂರಕ್ಕೆ ಅರ್ಧ ಪಾಲನ್ನು ಮೀರಬಾರದು. ಲಿಂಬೆ ಸಿಪ್ಪೆಯನ್ನು ಹಿಂಡಿ ತೆಗೆದ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯುತ್ತದೆ. ಹಬೆಯಲ್ಲಿ ಭಟ್ಟಿ ಇಳಿಸಿದ ಲಿಂಬೆ ಎಣ್ಣೆಯಲ್ಲಿ ಆ ತೊಂದರೆಯಿಲ್ಲ. ಒಂದೇ ಹಣ್ಣಿನ ಎರಡು ಎಣ್ಣೆಗಳ ನಡುವೆಯೂ ಹೆಸರಿನ ಈ ವ್ಯತ್ಯಾಸ ಬೇಕು. ಸೇರಿಸುವುದು ಮೂಲ ಎಣ್ಣೆ ಉಗುರುಬೆಚ್ಚಗಾದ ಮೇಲೆಯೇ, ಬಿಸಿಯಲ್ಲಿ ಹಾಕಿದರೆ ಅರ್ಧ ಹಬೆಯಾಗಿ ಹೋಗುತ್ತದೆ.

ರೋಸ್‌ಮೆರಿಯ ಈಗಿನ ಅಬ್ಬರಕ್ಕೆ ಬಹುಮಟ್ಟಿಗೆ 2015ರ ಒಂದು ಪ್ರಯೋಗ ಕಾರಣ. ನೂರು ಮಂದಿಯಲ್ಲಿ ಆರು ತಿಂಗಳು ಕೂದಲುದುರುವಿಕೆಗೆ ಹಚ್ಚುವ ಮದ್ದಾದ ಶೇಕಡಾ 2ರ ಮಿನಾಕ್ಸಿಡಿಲ್ ಜೊತೆ ಹೋಲಿಸಿದಾಗ ಫಲ ಹೆಚ್ಚುಕಡಿಮೆ ಒಂದೇ ಎಂದು ಕಂಡಿತು. ಆದರೆ ಏನೂ ಮದ್ದಿಲ್ಲದ ಎಣ್ಣೆ ಹಚ್ಚಿದ ಮೂರನೆಯ ಗುಂಪು ಅದರಲ್ಲಿ ಇರಲಿಲ್ಲ. ‘ಕೂದಲು ಬೆಳೆಯುತ್ತದೆ’ ಎಂಬ ಮಾತನ್ನು ಲೇಬಲಿಗೆ ಏರಿಸಬೇಡಿ.

‘ತುಂಬಿಸಿದ ಎಣ್ಣೆ’ಯನ್ನು ನೋಡಿ ಬೇಸರವಾಯಿತು, ಏಕೆಂದರೆ ಈ ಕ್ರಿಯೆಗೆ ನಮ್ಮಲ್ಲಿ ಪದಗಳ ಬರವಿಲ್ಲ. ನಾವು ‘ಎಣ್ಣೆ ಕಾಸುವುದು’ ಎನ್ನುತ್ತೇವೆ, ಮಲಯಾಳದಲ್ಲಿ ‘ಎಣ್ಣ ಕಾಚ್ಚುಕ’. ಆಯುರ್ವೇದ ಶಾಸ್ತ್ರದ ಅಳತೆ 1:4:16. ಕಲ್ಕ, ಅಂದರೆ ಅರೆದ ಸೊಪ್ಪು-ಬೇರಿನ ಮುದ್ದೆ, ಒಂದು ಪಾಲು, ಎಣ್ಣೆ ನಾಲ್ಕು, ರಸ ಅಥವಾ ಕಷಾಯ ಹದಿನಾರು. ಒಂದು ಲೀಟರ್ ತೆಂಗಿನೆಣ್ಣೆಗೆ ಕಾಲು ಕಿಲೋ ಕಲ್ಕ, ನಾಲ್ಕು ಲೀಟರ್ ಗರಗದ ರಸ. ಪಾತ್ರೆ ಹದಿನೈದು ಲೀಟರಿನದಾದರೂ ಇರಲಿ, ಕೊನೆಗೆ ನೊರೆ ಉಕ್ಕುತ್ತದೆ. ತುಪ್ಪ ಕಾಸುವಾಗ ನೊರೆ ಅಡಗಿದರೆ ಪಾಕ ಬಂತು, ಎಣ್ಣೆಯಲ್ಲಿ ನೊರೆ ಎದ್ದರೆ ಪಾಕ ಬಂತು. ಇದನ್ನು ತಿರುವುಮುರುವು ಮಾಡಿ ಬರೆಯುವವರಿದ್ದಾರೆ. ಎಣ್ಣೆಯಲ್ಲಿ ನೊರೆ ಎದ್ದಾಗ ತಳದ ಕಲ್ಕವನ್ನು ಬೆರಳಲ್ಲಿ ಹೊಸೆದು ನೋಡಬೇಕು. ಬತ್ತಿಯಂತೆ ಮೆತ್ತಗೆ ಸುರುಳಿಯಾದರೆ ಮಧ್ಯಮಪಾಕ, ಮಲಯಾಳದ ವೈದ್ಯರು ಇದನ್ನು ಮೇಣದ ಹೆಸರಿನಿಂದ ‘ಮೆಳುಕುಪಾಕ’ ಎನ್ನುತ್ತಾರೆ. ಮರಳಿನಂತೆ ತರಿತರಿಯಾದರೆ ‘ಮಣಲ್‌ಪಾಕ’, ಅಂದರೆ ಖರಪಾಕ. ಮೈತಲೆಗೆ ಹಚ್ಚುವುದಕ್ಕೆ ಶಾಸ್ತ್ರ ಹೇಳುವುದು ಈ ಖರಪಾಕವನ್ನೇ. ಕೈಪಿಡಿಯಲ್ಲಿ ‘ಮರಳುಪಾಕ’ ಎಂದರೆ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಆ ಕಲ್ಕವನ್ನು ಕೆಂಡಕ್ಕೆ ಹಾಕಿದಾಗ ಚಿಟಿಪಿಟಿ ಸದ್ದು ಬಂದರೆ ನೀರಿದೆ, ಆ ಎಣ್ಣೆ ಬೇಗ ಕಮಟುತ್ತದೆ. ಮರಳುಪಾಕ ದಾಟಿತೆಂದರೆ ಕರಟಿತು, ಅದಕ್ಕೆ ಪರಿಹಾರವಿಲ್ಲ. ಆದ್ದರಿಂದ ಕೊನೆಯ ಹಂತದಲ್ಲಿ ಉರಿ ಸಣ್ಣದಿರಬೇಕು, ಸೌಟು ತಳ ಮುಟ್ಟುತ್ತಲೇ ಇರಬೇಕು.

ಉತ್ತರ – ಕುಂಬಳೆಯಿಂದ

‘ಕನ್ಯಾ’ ಖಂಡಿತ ಬೇಡ. ‘ಗಾಣದ ಎಣ್ಣೆ’ಯೂ ಇಲ್ಲಿ ಸಲ್ಲದು, ಗಾಣಕ್ಕೆ ಹೋಗುವುದು ಒಣಗಿದ ಕೊಬ್ಬರಿ. ವರ್ಜಿನ್ ಎನ್ನುವುದು ಹಸಿ ಕಾಯಿಯಿಂದ ಬಂದದ್ದು. ಹಾಲನ್ನು ಸಣ್ಣ ಉರಿಯಲ್ಲಿ ಕಾಸಿ, ನೀರು ಹೋಗಿ ಗಸಿ ಬೇರಾದಾಗ ಸೋಸುವ ಕ್ರಮಕ್ಕೆ ಮಲಯಾಳದಲ್ಲಿ ‘ಉರುಕ್ಕ್ ವೆಳಿಚ್ಚೆಣ್ಣ’ ಎನ್ನುತ್ತಾರೆ. ಎಳೆಯ ಮಕ್ಕಳ ಮೈಗೆ ಹಚ್ಚುವುದು ಅದನ್ನೇ. ಹಾಲನ್ನು ಹುದುಗಲು ಬಿಟ್ಟು ತೆಗೆಯುವ ಕ್ರಮವೂ ಇದೆ, ಕಾಸರಗೋಡಿನ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ (ಸಿ.ಪಿ.ಸಿ.ಆರ್.ಐ.) ಎರಡನ್ನೂ ಕಲಿಸಿಕೊಟ್ಟಿದೆ. ಎರಡಕ್ಕೂ ‘ಕಾಯಿಹಾಲಿನ ಎಣ್ಣೆ’ ಎಂದರೆ ಸಾಕು. ‘ಕೋಲ್ಡ್ ಪ್ರೆಸ್ಡ್’ ಎಂಬುದನ್ನು ಉರುಕ್ಕ್ ಎಣ್ಣೆಯ ಸೀಸೆಗೆ ಅಂಟಿಸುವುದು ಸುಳ್ಳಾಗುತ್ತದೆ, ಅದು ಬೆಂಕಿ ಕಂಡದ್ದು.

‘ಕೋಕಂ ಬಟರ್’ ಎಂದರೆ ಪುನರ್ಪುಳಿಯ ಬೀಜದ ಜಿಡ್ಡು. ಬೀಜ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆಯುವುದು. ಉತ್ತರ ಕನ್ನಡದವರು ‘ಮುರುಗಲ ತುಪ್ಪ’ ಎಂದು ಹೇಳಿಕೊಂಡೇ ಬಂದಿದ್ದಾರೆ. ನಾವು ‘ಪುನರ್ಪುಳಿ ತುಪ್ಪ’ ಎನ್ನಬಹುದು. ‘ಬೆಣ್ಣೆ’ ಬೇಡ, ಈ ಜಿಡ್ಡಿನಲ್ಲಿ ಬೆಣ್ಣೆಯಲ್ಲಿರುವಂತೆ ನೀರಿನ ಅಂಶವಿಲ್ಲ.

‘ತಮನು’ ಎಂದರೆ ಕ್ಯಾಲೊಫಿಲಮ್ ಇನೋಫಿಲಮ್, ನಮ್ಮ ಕಡಲಬದಿಯ ಹೊನ್ನೆ, ಮಲಯಾಳದ ಪುನ್ನ. ಒಂದು ಕಾಲದ ದೀಪದ ಎಣ್ಣೆಯೇ ಈಗ ಪುಟ್ಟ ಸೀಸೆಯಲ್ಲಿ ಬೇರೆ ಹೆಸರಿಟ್ಟುಕೊಂಡು ಬರುತ್ತಿದೆ. ಬರೀ ‘ಹೊನ್ನೆ’ ಎಂದು ಬರೆದರೆ ಎರಡು ಅಪಾಯ. ಬೇಂಗದ ಮರಕ್ಕೂ ಹೊನ್ನೆ ಎನ್ನುತ್ತಾರೆ, ಅದು ಎಣ್ಣೆಯ ಬೀಜದ ಮರವಲ್ಲ. ಇನ್ನೊಂದು, ಅಚ್ಚಿನಲ್ಲಿ ‘ಹೊಂಗೆ’ ಆಗಿಬಿಟ್ಟರೆ ‘ಕರಂಜ ಆಯಿಲ್’ ಆಗುತ್ತದೆ. ‘ಸುರಹೊನ್ನೆ ಎಣ್ಣೆ’ ಎಂದು ಬರೆದು ಪಕ್ಕದಲ್ಲಿ ‘ಪುನ್ನ’ ಎಂದೂ ಸೇರಿಸಿ. ಇದರ ತಿರುಳನ್ನು ಹಸಿಯಾಗಿ ಹಿಂಡಿದರೆ ಎಣ್ಣೆ ಬಾರದು. ಒಂದೆರಡು ತಿಂಗಳು ಒಣಗಿಸಬೇಕು, ಬಿಳುಪು ಹೋಗಿ ಕೆಂಗಂದು ಬಣ್ಣ ಬಂದು ಅಂಟಂಟಾಗಬೇಕು. ಮಳೆಗಾಲದ ತೇವದಲ್ಲಿ ಬೂಸಲು ಹಿಡಿಯುತ್ತದೆ. ಎಣ್ಣೆ ಕಡುಹಸಿರು, ಮಂದ, ರಾಳ ಸೇರಿದ್ದು. ಆ ರಾಳದಿಂದಾಗಿ ಕೆಲವರಿಗೆ ತುರಿಕೆ ಬರುವುದರಿಂದ ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಒಂದೆರಡು ದಿನ ಕಾಯಬೇಕು.

ಮರುಪ್ರಶ್ನೆ – ಬದಿಯಡ್ಕದಿಂದ

ಹಿಂಡಿದ, ಕಾಸಿದ, ಭಟ್ಟಿ ಎಂಬ ಮೂರೂ ಹೆಸರುಗಳನ್ನು ಕರಡಿಗೆ ಸೇರಿಸುತ್ತಿದ್ದೇವೆ. ‘ರೋಸ್‌ಮೆರಿ ಎಣ್ಣೆ’ ಇರುವ ಆ ವಾಕ್ಯಕ್ಕೆ ‘ಕಾಸಿದ’ ಎಂದು ಸೇರಿಸಿದೆವು, ಮೂಲದಲ್ಲಿ ಉದ್ದೇಶಿಸಿದ್ದು ಅದನ್ನೇ. ಇನ್ನೊಂದು ಉಳಿದಿದೆ. ‘ರೋಸ್‌ಮೆರಿ ವಾಟರ್’ ಎಂಬುದು ಕೈಪಿಡಿಯಲ್ಲಿ ಎರಡು ಕಡೆ ಬರುತ್ತದೆ. ಒಂದು, ಎಲೆ ಕುದಿಸಿ ಸೋಸಿದ್ದು. ಅದನ್ನು ‘ಕಷಾಯ’ ಎಂದು ಬರೆದು, ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಬೇಕೆಂದು ಸೂಚಿಸಿದ್ದೇವೆ. ಇನ್ನೊಂದು, ಭಟ್ಟಿ ಎಣ್ಣೆ ಬೇರ್ಪಡಿಸಿದ ಮೇಲೆ ಉಳಿಯುವ ಪರಿಮಳದ ನೀರು. ಗುಲಾಬಿಯದಾದರೆ ‘ಪನ್ನೀರು’ ಇದೆ. ರೋಸ್‌ಮೆರಿ, ತುಳಸಿ, ಲಾವಂಚದ್ದಕ್ಕೆ ಏನೆನ್ನುವುದು? ‘ಅರ್ಕ’ ಎಂದರೆ ಉಪ್ಪಳ, ಮಂಜೇಶ್ವರ ಕಡೆ ಕುಡಿಯುವ ಔಷಧಿ ಎಂದು ತಿಳಿದುಕೊಳ್ಳುವ ಸಾಧ್ಯತೆ ಇದೆಯೇ?