ಪದಚರ್ಚೆ: ‘ಕ್ಯಾರಿಯರ್’, ‘ಮಾಡ್ಯುಲೇಟರ್’, ‘ಪ್ಯಾಚ್’ – ಸಿಂತಸೈಸರ್ ಪಾಠಕ್ಕೆ ಕನ್ನಡ ಪದ ಬೇಕು

ಗೆಳೆಯರೇ, ನಮಸ್ಕಾರ.

ನಾನು ಕೀಬೋರ್ಡ್ ಕಲಿಸುತ್ತೇನೆ. ಈ ವರ್ಷ ಮೂವರು ದೊಡ್ಡ ಮಕ್ಕಳಿಗೆ ನುಡಿಸುವುದರ ಜೊತೆಗೆ ದನಿ ಕಟ್ಟುವುದನ್ನೂ ಹೇಳಿಕೊಡುತ್ತಿದ್ದೇನೆ. ಯಮಾಹಾದವರು 1983ರಲ್ಲಿ ತಂದ ಡಿಎಕ್ಸ್7 ಸಿಂತಸೈಸರ್ (ವಿದ್ಯುನ್ಮಾನದಿಂದ ದನಿ ಕಟ್ಟುವ ಕೀಬೋರ್ಡ್) ಹೇಗೆ ದನಿ ಮಾಡುತ್ತಿತ್ತೋ ಹಾಗೇ ಮಾಡುವ ಡೆಕ್ಸ್ಡ್ ಎಂಬ ಉಚಿತ ತಂತ್ರಾಂಶ ಇದೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಕಲಿಯುತ್ತಿದ್ದಾರೆ. ಮಕ್ಕಳು ಕನ್ನಡ ಮೀಡಿಯಂನವರು. ಅವರಿಗಾಗಿ ಎಂಟು ಪುಟದ ಟಿಪ್ಪಣಿ ಬರೆಯಲು ಕೂತು, ಎರಡನೇ ಪುಟದಲ್ಲೇ ಸಿಕ್ಕಿಕೊಂಡಿದ್ದೇನೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ಒಂದು ಸ್ವರ ಹಿಡಿದು ಅದನ್ನು ಮೇಲೆ ಕೆಳಗೆ ಮೆಲ್ಲಗೆ ಅಲ್ಲಾಡಿಸಿದರೆ ನಮಗೆ ಗೊತ್ತಿರುವ ಕಂಪಿತ. ಸೆಕೆಂಡಿಗೆ ಐದಾರು ಸಲ ಅಲ್ಲಾಡಿದರೆ ಕಿವಿಗೆ ಆ ಅಲ್ಲಾಟ ಬಿಡಿಬಿಡಿಯಾಗಿ ಕೇಳುತ್ತದೆ. ಅದನ್ನೇ ಸೆಕೆಂಡಿಗೆ ನೂರಾರು ಸಲ ಮಾಡಿದರೆ? ಅಲ್ಲಾಟ ಕೇಳುವುದೇ ಇಲ್ಲ. ದನಿಯ ಬಣ್ಣವೇ ಬದಲಾಗಿಬಿಡುತ್ತದೆ. 1967ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಗೀತಗಾರ ಜಾನ್ ಚೌನಿಂಗ್ ಹೀಗೇ ಸ್ವರದ ಅಲ್ಲಾಟವನ್ನು ಜಾಸ್ತಿ ಮಾಡುತ್ತಾ ಹೋಗಿ ಇದನ್ನು ಕಂಡುಕೊಂಡರು. 1973ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಇದೇ ಎಫ್‌ಎಂ (ಫ್ರೀಕ್ವೆನ್ಸಿ ಮಾಡ್ಯುಲೇಶನ್), ಡಿಎಕ್ಸ್7 ದನಿ ಮಾಡುವ ವಿಧಾನ. ಇದಕ್ಕೆ ಬೇಕಾದದ್ದು ಎರಡೇ ಅಲೆ. ಒಂದು ನಮಗೆ ಕೇಳುವ ಅಲೆ, ಅದು ಕ್ಯಾರಿಯರ್. ಇನ್ನೊಂದು ಅದನ್ನು ಅಲ್ಲಾಡಿಸುವ ಅಲೆ, ಅದು ಮಾಡ್ಯುಲೇಟರ್.

ಕ್ಯಾರಿಯರ್‌ಗೆ ನಾನು ಮೊದಲು ‘ವಾಹಕ’ ಎಂದು ಬರೆದೆ. ಹುಡುಗಿಯೊಬ್ಬಳು ಓದಿದವಳೇ ಕೇಳಿದಳು: “ಸರ್, ತಾಮ್ರದ ತಂತಿ ತರಹವಾ?” ಅವಳು ಕೇಳಿದ್ದು ಸರಿಯಾಗಿತ್ತು. ಶಾಲೆಯ ಪಾಠದಲ್ಲಿ ವಾಹಕ ಎಂದರೆ ವಿದ್ಯುತ್ ಹರಿಯಬಿಡುವ ವಸ್ತು. ಈ ಅಲೆಗಳನ್ನು ಹುಟ್ಟಿಸುವ ಒಂದೊಂದು ಘಟಕಕ್ಕೂ ಆಪರೇಟರ್ ಎಂದು ಹೆಸರು. ಅದಕ್ಕೆ ‘ನಿರ್ವಾಹಕ’ ಎಂದು ಬರೆದಿದ್ದೆ. ಅದನ್ನು ಓದಿದರೆ ಕಣ್ಣ ಮುಂದೆ ಬರುವುದು ಬಸ್ಸಿನ ಕಂಡಕ್ಟರ್. ಎರಡನ್ನೂ ಹೊಡೆದು ಹಾಕಿದೆ.

ಆಮೇಲೆ ಕೂತು ಯೋಚಿಸಿದಾಗ ಇನ್ನೊಂದು ತೊಡಕು ಕಂಡಿತು. ಕ್ಯಾರಿಯರ್ ಎಂಬ ಹೆಸರು ಬಂದದ್ದು ರೇಡಿಯೋದಿಂದ. ಅಲ್ಲಿ ಆ ಅಲೆ ನಿಜವಾಗಿಯೂ ಮಾತನ್ನೋ ಹಾಡನ್ನೋ ಹೊತ್ತು ತರುತ್ತದೆ. ಮನೆಗೆ ತಲುಪಿದ ಮೇಲೆ ರೇಡಿಯೋ ಪೆಟ್ಟಿಗೆ ಹಾಡನ್ನು ಇಳಿಸಿಕೊಂಡು, ಹೊತ್ತು ತಂದದ್ದನ್ನು ಬಿಟ್ಟುಬಿಡುತ್ತದೆ. ಸಿಂತಸೈಸರ್‌ನಲ್ಲಿ ಏನನ್ನೂ ಇಳಿಸಿಕೊಳ್ಳುವುದಿಲ್ಲ. ಅಲ್ಲಾಡುತ್ತಿರುವ ಅಲೆಯನ್ನೇ ನೇರವಾಗಿ ಕೇಳುತ್ತೇವೆ. ಅಂದರೆ ಹೊರುವ ಕೆಲಸವೇ ಇಲ್ಲಿಲ್ಲ. ಇಂಗ್ಲಿಷಿನಲ್ಲಿ ಹಳೆಯ ಹೆಸರು ಉಳಿದುಕೊಂಡಿದೆ, ಅಷ್ಟೇ. ನಾವು ಹೊಸದಾಗಿ ಹೆಸರಿಡುವಾಗ ಇಲ್ಲದ ಹೊರೆಯನ್ನು ಯಾಕೆ ತರಬೇಕು?

ಹಾಗಾಗಿ ಟಿಪ್ಪಣಿಯಲ್ಲಿ ಈಗ ‘ಕುಣಿಯುವ ಅಲೆ’, ‘ಕುಣಿಸುವ ಅಲೆ’ ಎಂದು ಬರೆದಿದ್ದೇನೆ. ನಮ್ಮ ‘-ಇಸು’ ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ. ಯಾವುದು ಮಾಡುತ್ತದೆ, ಯಾವುದು ಮಾಡಿಸುತ್ತದೆ ಎಂಬುದು ಪದದಲ್ಲೇ ಇದೆ, ಬಿಡಿಸಿ ಹೇಳಬೇಕಾಗಿಲ್ಲ. ಡಿಎಕ್ಸ್7ರಲ್ಲಿ 6 ಆಪರೇಟರ್‌ಗಳಿವೆ. ಅವನ್ನು 32 ಬಗೆಯಲ್ಲಿ ಜೋಡಿಸಿಟ್ಟಿದ್ದಾರೆ. ಒಂದನೇ ಜೋಡಣೆಯ ಒಂದು ಸಾಲು ನೋಡಿ: ಆರನೆಯದು ಐದನೆಯದನ್ನು ಕುಣಿಸುತ್ತದೆ, ಐದು ನಾಲ್ಕನ್ನು, ನಾಲ್ಕು ಮೂರನ್ನು. ಈ ಸಾಲಿನಲ್ಲಿ ಕೊನೆಗೆ ನಮಗೆ ಕೇಳುವುದು ಮೂರನೆಯದರ ಕುಣಿತ. ಇನ್ನು ಫೀಡ್‌ಬ್ಯಾಕ್. ಹೆಚ್ಚಿನ ಜೋಡಣೆಗಳಲ್ಲಿ ಒಂದು ಆಪರೇಟರ್ ತನ್ನ ಅಲೆಯನ್ನು ತನಗೇ ಕೊಟ್ಟುಕೊಳ್ಳುತ್ತದೆ. ‘ಹಿಮ್ಮಾಹಿತಿ’ ಎಂದರೆ ಯಾರೋ ಅಭಿಪ್ರಾಯ ಬರೆದುಕೊಟ್ಟ ಹಾಗಿರುತ್ತದೆ. ‘ತನ್ನನ್ನು ತಾನೇ ಕುಣಿಸಿಕೊಳ್ಳುತ್ತದೆ’ ಎಂದು ಬರೆದೆ. ಮಕ್ಕಳು ಒಂದೇ ಓದಿಗೆ ಹಿಡಿದರು. ಕುಣಿ, ಕುಣಿಸು, ಕುಣಿಸಿಕೊ: ಮೂರು ಬೇರೆ ಬೇರೆ ಪಾರಿಭಾಷಿಕ ಪದಗಳ ಕೆಲಸವನ್ನು ಒಂದೇ ಬೇರು ಮಾಡಿತು. ನನಗೆ ಅವತ್ತು ಆದ ಖುಷಿ ಅಷ್ಟಿಷ್ಟಲ್ಲ.

ಆಲ್ಗಾರಿದಮ್ (ಆಪರೇಟರ್‌ಗಳ ಜೋಡಣೆ), ಎನ್ವಲಪ್ (ಮಟ್ಟ ಹೊತ್ತಿಗೆ ತಕ್ಕಂತೆ ಏರಿಳಿಯುವ ರೀತಿ) ಎರಡನ್ನೂ ಹಾಗೇ ಬಿಟ್ಟಿದ್ದೇನೆ. ಎನ್ವಲಪ್‌ಗೆ ಲಕೋಟೆ ಅನ್ನಲು ಮನಸ್ಸು ಬರಲಿಲ್ಲ.

ದನಿಯ ಬಣ್ಣಕ್ಕೆ ‘ಬನಿ’ ಸರಿಹೋಗುತ್ತದಾ, ಹೇಳಿ. ‘ಕುಣಿಯುವ’, ‘ಕುಣಿಸುವ’ ಒಪ್ಪಿಗೆಯಾ ಎಂಬುದು ಮೊದಲನೇ ಪ್ರಶ್ನೆ, ಇದು ಎರಡನೆಯದು. ನಮ್ಮಲ್ಲಿ ದನಿಯ ಬಗೆಯನ್ನು ಹೇಳುವ ಮಾತುಗಳಿಗೆ ಬರವಿಲ್ಲ. ಕೀರಲು ದನಿ, ಗೊಗ್ಗರು ದನಿ, ಒಡಕು ದನಿ, ಕಂಚಿನ ಕಂಠ. ಆದರೆ ಇವೆಲ್ಲಕ್ಕೂ ಸೇರಿ ಒಂದು ಹೆಸರು ಬೇಕು. ಎಫ್‌ಎಂ ಪಾಠದಲ್ಲಿ ಅದಿಲ್ಲದೆ ಮುಂದೆ ಹೋಗಲಾಗುವುದಿಲ್ಲ. ಕುಣಿಯುವ ಅಲೆ 200 ಹರ್ಟ್ಸ್, ಕುಣಿಸುವ ಅಲೆ 400 ಇದ್ದರೆ ಹುಟ್ಟುವುದು 200, 600, 1000 ಹೀಗೆ. ಬೆಸ ಗುಣಕಗಳು ಮಾತ್ರ. ಅದು ಕ್ಲಾರಿನೆಟ್‌ನ ಹಾಗೆ ಒಳಗೆ ಪೊಳ್ಳಾದ ದನಿ. ಕುಣಿಸುವುದನ್ನು 280 ಮಾಡಿ ನೋಡಿ. ಆಗ ಬರುವುದು 80, 200, 360, 480, 640, 760. ಇವು 200ರ ಗುಣಕಗಳಲ್ಲ. ಕೇಳಿದರೆ ಗಂಟೆ! ಚೌನಿಂಗ್ ಗಂಟೆಗೆ ಕೊಟ್ಟ ಉದಾಹರಣೆಯ ಅಂಕಿಗಳೇ ಇವು. ಕುಣಿಯುವ ಅಲೆಯ ಮಟ್ಟ ಏರಿಸಿದರೆ ಸದ್ದು ಜೋರಾಗುತ್ತದೆ. ಕುಣಿಸುವ ಅಲೆಯ ಮಟ್ಟ ಏರಿಸಿದರೆ ಸದ್ದು ಜೋರಾಗುವ ಬದಲು ಕಂಚಾಗುತ್ತದೆ. ‘ಬನಿ ಏರಿತು’ ಎನ್ನಬಹುದಾ? ಇಲ್ಲ, ಬನಿ ಎಂದರೆ ಸಾರ ಎಂಬ ಅರ್ಥವೇ ಮುಂದೆ ಬಂದು ನಿಲ್ಲುತ್ತದಾ?

ಕೊನೆಯದು ಪ್ಯಾಚ್, ಅಂದರೆ ಸಿಂತಸೈಸರ್‌ನಲ್ಲಿ ಕಟ್ಟಿಟ್ಟ ಒಂದೊಂದು ದನಿ. ನಮ್ಮ ರಸಮಂಜರಿ ಕಾರ್ಯಕ್ರಮದವರು ‘ಟೋನ್’ ಅನ್ನುತ್ತಾರೆ. “ಶಹನಾಯಿ ಟೋನ್ ಹಾಕಿ” ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆ ಮಾತು ಚೆನ್ನಾಗಿಯೇ ಇದೆ. ನಿಘಂಟು ನೋಡಿ ‘ತೇಪೆ’ ಅನ್ನುವುದು ಮಾತ್ರ ಬೇಡ. ಹಳೆಯ ಸಿಂತಸೈಸರ್‌ಗಳಲ್ಲಿ ವೈರುಗಳನ್ನು ಇಲ್ಲಿಂದ ಅಲ್ಲಿಗೆ ಚುಚ್ಚಿ ದನಿ ಕಟ್ಟುತ್ತಿದ್ದರು. ಆ ವೈರುಗಳೇ ಪ್ಯಾಚ್ ಕಾರ್ಡ್, ಅದರಿಂದ ಈ ಹೆಸರು. ಹರಿದ ಬಟ್ಟೆಗೂ ಇದಕ್ಕೂ ಈಗ ಸಂಬಂಧವಿಲ್ಲ.

ಆದರೆ ಡಿಎಕ್ಸ್7ರ ಮಟ್ಟಿಗೆ ಟೋನ್ ಎನ್ನುವುದೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಈಗಿನ ಎಷ್ಟೋ ಕೀಬೋರ್ಡ್‌ಗಳಲ್ಲಿ ನಿಜವಾದ ವಾದ್ಯದ ರೆಕಾರ್ಡಿಂಗ್ ಇರುತ್ತದೆ. ಇಲ್ಲಿ ರೆಕಾರ್ಡಿಂಗ್ ಒಂದು ಚೂರೂ ಇಲ್ಲ. ಇರುವುದು ಬರೀ ಅಂಕಿಗಳು. ಯಾವ ಜೋಡಣೆ, ಯಾರ ಮಟ್ಟ 0ಯಿಂದ 99ರೊಳಗೆ ಎಷ್ಟು, ಯಾವುದು ಬೇಗ ಏರಿ ನಿಧಾನ ಇಳಿಯಬೇಕು. 32 ದನಿಗಳ ಒಂದು ಪೂರ್ತಿ ಕಟ್ಟು 4,104 ಬೈಟ್, ಅಷ್ಟೇ! ಒಂದು ಸಣ್ಣ ಫೋಟೋಗಿಂತ ಕಡಿಮೆ. ಪ್ರತಿ ದನಿಗೂ ಹೆಸರಿಡಲು 10 ಅಕ್ಷರದ ಜಾಗವಿದೆ, ಅದೂ ಇಂಗ್ಲಿಷ್ ಅಕ್ಷರ. ಇಂಥ ಕಟ್ಟುಗಳನ್ನು ಜನ ನಲವತ್ತು ವರ್ಷಗಳಿಂದ ಮಾಡಿ ಹಂಚಿಕೊಳ್ಳುತ್ತಾ ಬಂದಿದ್ದಾರೆ. ಒಂದನ್ನು ತೆರೆದು ಅಂಕಿ ಬದಲಿಸುತ್ತಾ ಕೂತರೆ ಅದನ್ನು ಕಟ್ಟಿದವರ ಕೈ ಗೊತ್ತಾಗುತ್ತದೆ.

ಅದಕ್ಕೇ ‘ಹದ’ ಎಂಬ ಪದ ಮನಸ್ಸಿಗೆ ಬಂತು. ಪಾಕಕ್ಕೆ ಹದ ಇದೆ, ಮಣ್ಣಿಗೆ ಇದೆ. ತಮಟೆಯನ್ನು ಬೆಂಕಿಗೆ ಹಿಡಿದು ಹದಕ್ಕೆ ತರುತ್ತಾರೆ. ಎಷ್ಟೆಷ್ಟು ಸೇರಿದರೆ ಇದು ಸರಿಯಾಗಿ ಬರುತ್ತದೆ ಎಂಬ ತಿಳಿವು ಆ ಪದದಲ್ಲಿದೆ. ‘ಗಂಟೆಯ ಹದ’, ‘ಕೊಳಲಿನ ಹದ’, ‘ಈ ಹದ ಉಳಿಸು’, ‘ಹೊಸ ಹದ ಕಟ್ಟು’. ಎಣಿಸಲು ಬರುತ್ತದಾ ಎಂಬ ಅನುಮಾನ ಇತ್ತು. ರೈತರು ‘ಒಂದು ಹದ ಮಳೆ’ ಅನ್ನುತ್ತಾರಲ್ವಾ, ಹಾಗಾಗಿ ‘32 ಹದಗಳು’ ತೀರಾ ಅಸಹಜವಲ್ಲ ಅನಿಸುತ್ತಿದೆ. ಸೌಂಡ್ ಲೈಬ್ರರಿಗೆ ‘ಹದಗಳ ಕಣಜ’. ಗ್ರಂಥಾಲಯ ಎಂದರೆ ಪುಸ್ತಕವೇ ನೆನಪಾಗುತ್ತದೆ.

ವಾದ್ಯ ಮಾಡುವವರ, ರಿಪೇರಿ ಮಾಡುವವರ ಒಡನಾಟ ಇರುವವರು ಈ ಗುಂಪಿನಲ್ಲಿದ್ದೀರಿ. ಮೃದಂಗಕ್ಕೆ ಕರಣೆ ಹಾಕುವವರು, ಹಾರ್ಮೋನಿಯಂ ರೀಡ್ ತಿದ್ದುವವರು, ಕಂಚಿನ ಗಂಟೆ ಎರಕ ಹೊಯ್ಯುವವರು ದನಿಯ ಬಣ್ಣಕ್ಕೆ ಏನನ್ನುತ್ತಾರೆ? ‘ಹದ’ ಎಂಬ ಮಾತು ಅವರ ಬಾಯಲ್ಲಿ ಇದೆಯಾ? ಉತ್ತರ ಕರ್ನಾಟಕದ, ಕರಾವಳಿಯ ಬಳಕೆಯನ್ನೂ ತಿಳಿಸಿ. ‘ಕುಣಿ’ಗೆ ಕೆಲವು ಕಡೆ ಗುಂಡಿ ಎಂಬ ಅರ್ಥವೂ ಇದೆ. ಅಲ್ಲಿಯವರಿಗೆ ‘ಕುಣಿಯುವ ಅಲೆ’ ಓದುವಾಗ ಅಡ್ಡಿಯಾಗುತ್ತದಾ? ಬರುವ ಭಾನುವಾರದ ಪಾಠಕ್ಕೆ ಮೊದಲು ಎರಡನೇ ಪುಟವನ್ನು ಮತ್ತೆ ಬರೆಯಬೇಕು.