ಇಲೊಕಾನೊ ಮಾವನವರ ವರ್ಷದ ಸ್ಮರಣೆಯಲ್ಲಿ ಏನು ಮಾತನಾಡಲಿ?

ವೀಗನ್ ಸೊಸೆ:
ಎಲ್ಲರಿಗೂ ನಮಸ್ಕಾರ. ಫಿಲಿಪ್ಪೀನ್ಸಿನ ಇಲೊಕೊಸ್ ಸುರ್ ಪ್ರಾಂತ್ಯದ ವೀಗನ್ ನನ್ನ ಗಂಡನ ಊರು; ಅವರ ಮನೆಯವರು ಆ ಸೀಮೆಯ ಇಲೊಕಾನೊ ಜನ. ‘ಅಬೆಲ್’ ಎಂಬ ಕೈಮಗ್ಗದ ಬಟ್ಟೆಯ ವ್ಯಾಪಾರವನ್ನು ಬರಿಗೈಯಲ್ಲಿ ಆರಂಭಿಸಿ, ಮೂವರು ಮಕ್ಕಳಿಗೂ ಅಂಗಡಿ ಹಾಕಿಕೊಟ್ಟ ನನ್ನ ಮಾವನವರು ತೀರಿಕೊಂಡು ಮುಂದಿನ ತಿಂಗಳಿಗೆ ವರ್ಷ ತುಂಬುತ್ತದೆ. ಶೋಕದ ಕಪ್ಪು ಬಟ್ಟೆಯನ್ನು ತೆಗೆದಿಡುವ ‘ವಾಕ್ಸಿ’ಯ ದಿನ ಊಟಕ್ಕೆ ಮೊದಲು ನಾನೂ ನಾಲ್ಕು ಮಾತನಾಡಬೇಕೆಂದು ಅತ್ತೆಯವರು ಹೇಳಿದ್ದಾರೆ. ವ್ಯಾಪಾರದ ಏಳಿಗೆಯನ್ನು ಹೇಳಿದರೆ ಜಂಬವೆನಿಸೀತು. ಹೇಳದಿದ್ದರೆ ಅವರ ಆಯುಷ್ಯದ ಮುಕ್ಕಾಲು ಪಾಲೇ ಬಿಟ್ಟುಹೋದೀತು. ತಿಳಿದವರು ದಾರಿ ತೋರಿಸಬೇಕು.

ಲಾವೋಆಗ್ ನಿವಾಸಿ:
ಏಳಿಗೆಯನ್ನು ಮುಚ್ಚಿಡುವ ಅಗತ್ಯವಿಲ್ಲ. ಇಲೊಕಾನೊಗಳು ಜಿಪುಣರೆಂದು, ‘ಕುರಿಪೊಟ್’ ಎಂದು, ಉಳಿದ ಫಿಲಿಪಿನೋಗಳು ನಗೆಯಾಡುವುದುಂಟು. ಆದರೆ ಬೆಟ್ಟಕ್ಕೂ ಕಡಲಿಗೂ ನಡುವೆ ಇಕ್ಕಟ್ಟಾಗಿ ಬಿದ್ದಿರುವ ಈ ಇಲೊಕೊಸ್ ನೆಲ ಎಲ್ಲರನ್ನೂ ಸಾಕಲಾರದೆ, 1906ರಲ್ಲಿ 15 ಮಂದಿ ಹವಾಯಿಯ ಕಬ್ಬಿನ ತೋಟಕ್ಕೆ ಹೊರಟರು. ಅವರ ಹಿಂದೆ ಸಾವಿರಾರು ‘ಸಕಾಡಾ’ ಕೂಲಿಗಳು ಹೋದರು. ಅಂಥ ನೆಲದಲ್ಲೇ ಉಳಿದು ಗೆದ್ದವರ ಗೆಲುವನ್ನು ಹೇಳಲು ಸಂಕೋಚವೇಕೆ? ಒಂದು ಮಾತು: ಗತಿಸಿದವರಿಗೆಂದು ಅನ್ನ, ಕಡುಬು, ‘ಬಾಸಿ’ ಎಂಬ ಕಬ್ಬಿನ ಮದ್ಯ ಇಡುವ ‘ಆತಾಂಗ್’ ಮುಗಿದ ಮೇಲೆ ಮಾತು ಆರಂಭಿಸಿ, ಅವರನ್ನು ‘ಅಪೊ ಲಾಕಾಯ್’ ಎಂದೇ ಕರೆಯಿರಿ. ನಮ್ಮಲ್ಲಿ ‘ಅಜ್ಜನವರು’ ಎನ್ನುವಷ್ಟು ಗೌರವ ಅದಕ್ಕಿದೆ.

ಹಳೆಯ ಲೆಕ್ಕಿಗ:
ಹಿರಿಯರು ಹೇಳಿದ್ದು ಸರಿ, ಆದರೆ ಅಂಗಡಿಗಳ ಎಣಿಕೆಯಿಂದ ಭಾಷಣ ತುಂಬಿಸಬೇಡಿ, ತಾಯಿ. ಶವದ ಮುಂದೆ ಹಾಡುವ ‘ದುಂಗ್-ಆವ್’ ಅಳುಹಾಡಿನಲ್ಲೂ ಸತ್ತವರ ಬದುಕನ್ನೇ ಹೇಳಿಕೊಂಡು ಅಳುತ್ತಾರೆ, ಆಸ್ತಿಯ ಪಟ್ಟಿ ಓದುವುದಿಲ್ಲ. ಸಾವಿನ ಮನೆಗೆ ಬಂದವರು ಕೊಟ್ಟ ‘ಅಬುಲೊಯ್’ ಹಣವನ್ನು ಬರೆದಿಟ್ಟ ಪುಸ್ತಕ ಮನೆಯಲ್ಲಿರಬೇಕು. ಮುಂದೆ ಆ ಮನೆಗಳಲ್ಲಿ ಸಾವಾದಾಗ ಮರಳಿ ಕೊಡಬೇಕಲ್ಲ. ಅದರಲ್ಲಿ ದೊಡ್ಡ ಮೊತ್ತಗಳನ್ನು ಬಿಟ್ಟು ಚಿಕ್ಕವನ್ನು ನೋಡಿ.

ವೀಗನ್ ಸೊಸೆ:
ನಿನ್ನೆ ರಾತ್ರಿ ಅತ್ತೆಯವರೊಂದಿಗೆ ಕುಳಿತು ಪುಸ್ತಕ ತೆರೆದೆ. ವೀಗನ್ನಿನ ನೇಕಾರರ ಕೇರಿ ಕಾಮಾಂಗ್‌ಗಾನಿನ ಒಬ್ಬ ನೇಕಾರ ಹೆಂಗಸಿನ ಹೆಸರಿನ ಮುಂದೆ 20 ಪೆಸೊ ಎಂದಿತ್ತು. ಆಕೆಯ ಮಗ್ಗ ತಿಂಗಳುಗಟ್ಟಲೆ ನಿಂತಿದ್ದಾಗಲೂ ಮಾವನವರು ನೂಲು ಕಳಿಸುತ್ತಿದ್ದರಂತೆ. ಬಟ್ಟೆ ಮಾರಾಟವಾದ ಮೇಲಷ್ಟೇ ನೂಲಿನ ಹಣ ಮುರಿದುಕೊಳ್ಳುತ್ತಿದ್ದರಂತೆ. ಹೊದಿಕೆ ಬಂದಾಗ ಅಂಚಿನ ಎಳೆಗಳನ್ನು ಹೆಬ್ಬೆರಳಿನ ಉಗುರಿನಿಂದ ಎಣಿಸುವುದು ಅವರ ರೂಢಿ. ಒಂದು ಎಳೆ ತಪ್ಪಿದ್ದರೆ ಬೈಗುಳ ನೇಯ್ದವರಿಗಲ್ಲ, ನೋಡದೆ ತಂದ ಮಗನಿಗೆ. ಆ ಬೈಗುಳದ ಪಾಲು ನನ್ನ ಗಂಡನಿಗೇ ಹೆಚ್ಚು ಸಂದಿದೆ! ನನಗೆ ಬೇಕಾದ ಮಾತು ಸಿಕ್ಕಿತು. ಅಂದಿನ ಊಟಕ್ಕೆ ಆಕೆಯನ್ನು ಕರೆಯಲು ಇವರು ಇಂದು ಬೆಳಿಗ್ಗೆ ಹೋಗಿದ್ದಾರೆ.